ನೀಲಿ ಹುಟ್ಟಿದ ಹಾಡಿಯ ಮಾತು ಯಾವುದು?

ಬುಡಕಟ್ಟಿನ ಮಗುವೊಂದು ಗುಡಿಯೊಳಗೆ ಕಾಲಿಡುತ್ತದೆ. ಅಷ್ಟಕ್ಕೇ ರಾಜನ ಕಡೆಯವರು ಹಾಡಿಯ ಮೇಲೆ ಬೀಳುತ್ತಾರೆ. ಓಡಿ ಗುಹೆ ಸೇರಿದ ಹುಡುಗಿಗೆ ಬಾವಲಿಗಳು ಕಚ್ಚುತ್ತವೆ. ಅಲ್ಲಿಂದ ಹೊರಬರುವವಳೇ ನೀಲಿ. ಕೇರಳದ ಜನಪದದಲ್ಲಿ ರಕ್ತ ಹೀರುವ ಯಕ್ಷಿಯಾಗಿದ್ದ ಕಳ್ಳಿಯಂಕಾಟ್ಟು ನೀಲಿಯನ್ನು ನಿರ್ದೇಶಕ ಡೊಮಿನಿಕ್ ಅರುಣ್ 2025ರ ‘ಲೋಕಾ’ದಲ್ಲಿ ಹೀಗೆ ತುಳಿತಕ್ಕೆ ಸಿಕ್ಕವರ ಮಗಳನ್ನಾಗಿ ಮಾಡಿದರು. ಯಕ್ಷಿಯ ಸಿಟ್ಟಿಗೆ ಕಾರಣ ಸಿಕ್ಕಿತು. ಮಲಯಾಳಂ ಸೂಪರ್‌ಹೀರೊ ಚಿತ್ರವೊಂದು ಅಷ್ಟು ಮಾಡಿದ್ದು ಸಣ್ಣ ಕೆಲಸವಲ್ಲ.

ಆದರೆ ಆ ಹಾಡಿಯವರು ಯಾರು? ಯಾವ ಕುಲ, ಮನೆಯಲ್ಲಿ ಆಡುವ ಮಾತು ಯಾವುದು, ಸತ್ತವರನ್ನು ಹೇಗೆ ಕಳಿಸಿಕೊಡುತ್ತಾರೆ? ಚಿತ್ರ ಅಲ್ಲಿ ನಿಲ್ಲುವುದಿಲ್ಲ. ನಾಯಕಿಯನ್ನು ಹೆತ್ತುಕೊಟ್ಟು ಅವರು ಕಥೆಯಿಂದಲೇ ಹೊರಟುಹೋಗುತ್ತಾರೆ, ಕಥೆ ಬೆಂಗಳೂರು ಸೇರುತ್ತದೆ. ಬೆಂಗಳೂರಿನ ಖಳ ಪೊಲೀಸ್ ಅಧಿಕಾರಿಗೆ ನಾಚಿಯಪ್ಪ ಗೌಡ ಎಂದು ಹೆಸರು. ಗೌಡರ ಮನೆಯಲ್ಲಿ ಮಗನಿಗೆ ನಾಚಿಯಪ್ಪ ಎಂದು ಹೆಸರಿಟ್ಟದ್ದನ್ನು ನಾನಂತೂ ಕೇಳಿಲ್ಲ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಚಿತ್ರದಲ್ಲಿದ್ದ ಒಂದು ಮಾತಿಗೆ ಕನ್ನಡಿಗರು ಸಿಟ್ಟಾದ ಮೇಲೆ ನಿರ್ಮಾಪಕರು ಕ್ಷಮೆ ಕೇಳಬೇಕಾಯಿತು. ಒಬ್ಬರ ಗಾಯವನ್ನು ಅಷ್ಟು ಮೆಲ್ಲಗೆ ಮುಟ್ಟಿದ ಕೈ ಇನ್ನೊಬ್ಬರ ಮಾನದ ವಿಷಯದಲ್ಲಿ ಇಷ್ಟು ಒರಟಾದದ್ದು ನನಗೆ ನೋವು ತಂದಿತು.

ಈ ಬಗೆಯ ಚಿತ್ರಗಳು ‘ಬ್ಲ್ಯಾಕ್ ಪ್ಯಾಂಥರ್’ (2018) ಕಡೆ ನೋಡಬೇಕು. ಅದರ ವಕಾಂಡ ಕಟ್ಟುಕಥೆಯ ದೇಶ. ಆದರೆ ಅಲ್ಲಿನವರ ತಾಯ್ನುಡಿಯಾಗಿ ಕೇಳಿಸುವ ಖೋಸಾ ದಕ್ಷಿಣ ಆಫ್ರಿಕದ ಜನ ನಿಜವಾಗಿ ಆಡುವ ಭಾಷೆ. ಅದರ ಖಳ ಕಿಲ್‌ಮಾಂಗರ್ ಲಂಡನ್ನಿನ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಇವು ನಿಮ್ಮ ಹಿರಿಯರ ಕೈಗೆ ಹೇಗೆ ಬಂದವು ಎಂದು ಕೇಳುತ್ತಾನೆ. ಊಟಿಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಅದು. ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಇಲ್ಲಿನ ಹಳೆಯ ಕಲ್ಲುಗೋರಿಗಳನ್ನು ಅಗೆಸಿದರು. ಅವರ ಪುಸ್ತಕ ಅವರು ತೀರಿಕೊಂಡ ಮೇಲೆ, 1873ರಲ್ಲಿ, ಹೊರಬಂತು. ಗೋರಿಗಳಲ್ಲಿ ಸಿಕ್ಕ ವಸ್ತುಗಳಲ್ಲಿ ಕೆಲವು ಚೆನ್ನೈಯಲ್ಲಿವೆ, ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಬ್ರೀಕ್ಸ್ ಹೆಸರಿನ ಶಾಲೆ ಊಟಿಯಲ್ಲಿದೆ.

ಹುಟ್ಟಿನ ಕಥೆಗಳಿಗೆ ಈ ಬೆಟ್ಟಗಳಲ್ಲಿ ಬರವಿಲ್ಲ. ತಮ್ಮ ನಾಡನ್ನು ನಾಕುಬೆಟ್ಟ ಎಂದು ಕರೆಯುವ ಬಡಗರ ಕಥೆಯನ್ನೇ ನೋಡಿ. ಮೈಸೂರು ಸೀಮೆಯ ಬಯಲಲ್ಲಿದ್ದ ಅಣ್ಣತಮ್ಮಂದಿರು, ಅವರ ತಂಗಿಯ ಮೇಲೆ ಬಿದ್ದ ಮುಸಲ್ಮಾನ ದೊರೆಯ ಕಣ್ಣು, ರಾತ್ರೋರಾತ್ರಿ ಓಟ, ಹೊಳೆ ದಾಟಿ ಬೆಟ್ಟ ಹತ್ತಿದ್ದು. ಬಡಗಣಿಂದ ಬಂದವರು ಬಡಗರು. ಮಸಿನಗುಡಿಯ ಆಚೆ ಮೋಯಾರ್ ಕಮರಿಯ ಅಂಚಿಗೆ ಹೋಗಿ ನಿಂತರೆ ಕಾಲ ಕೆಳಗೆ ನೆಲ ಸೀಳಿಕೊಂಡು ಹರಿಯುವ ಹೊಳೆ, ಎದುರಿಗೆ ಬಂಡೀಪುರದ ಕಡೆಯ ಕಾಡು, ಬೆನ್ನಿಗೆ ಗೋಡೆಯಂತೆ ಎದ್ದ ನೀಲಗಿರಿ. ಈ ಕಥೆಗೆ ಬೇರೆ ಸೆಟ್ ಹಾಕುವುದು ಬೇಡ.

ಹಾಗೆಂದು ಅದು ಸರಳ ಕಥೆಯೂ ಅಲ್ಲ. ಆ ದೊರೆ ಟಿಪ್ಪು ಎಂದು ಹೇಳುವವರಿದ್ದಾರೆ. ಆದರೆ ಜೆಸ್ಯೂಟ್ ಪಾದ್ರಿ ಫೆನಿಚಿಯೊ 1603ರಲ್ಲೇ ಬೆಟ್ಟ ಹತ್ತಿ ಬಡಗರನ್ನು ಕಂಡು ಬರೆದಿದ್ದಾರೆ. ಟಿಪ್ಪು ಹುಟ್ಟಿದ್ದು ಅದಾಗಿ ಒಂದೂವರೆ ಶತಮಾನಕ್ಕೆ. ಹಳೆಯ ಭಯಕ್ಕೆ ಆಮೇಲಿನವರು ತಮಗೆ ಗೊತ್ತಿದ್ದ ಹೆಸರು ಅಂಟಿಸಿದರು. ಪರಿಶಿಷ್ಟ ಪಂಗಡದ ಪಟ್ಟಿಗೆ ತಮ್ಮನ್ನು ಸೇರಿಸಬೇಕೆಂದು ಬಡಗರು ಕೇಳುತ್ತಿರುವಾಗ, ನಾವು ಎಲ್ಲಿಂದಲೋ ಬಂದವರಲ್ಲ, ಇಲ್ಲಿಯವರೇ ಎಂಬ ಮಾತಿಗೂ ತೂಕ ಬಂದಿದೆ. ಜನಗಣತಿ ಅವರ ನುಡಿಯನ್ನು ಕನ್ನಡದ ಕೆಳಗೆ ಎಣಿಸುತ್ತದೆ. ಅದು ಬೇರೆಯೇ ಭಾಷೆ ಎಂಬುದು ಅವರ ವಾದ. ಬಡಗ ಮಾತು ಕಿವಿಗೆ ಬಿದ್ದಾಗ ನನಗೆ ನೆಂಟರ ಮನೆಗೆ ಹೋದಂತಾಗುತ್ತದೆ. ಆದರೂ ಆ ಮಾತಿಗೆ ಹೆಸರಿಡುವ ಹಕ್ಕು ಆಡುವವರದು, ನನ್ನದಲ್ಲ. ಒಂದು ಹುಟ್ಟುಕಥೆಯಲ್ಲಿ ಇಷ್ಟೊಂದು ಜಗಳ, ಇಷ್ಟೊಂದು ಆಸೆ ತುಂಬಿಕೊಂಡಿರುವಾಗ ನಮ್ಮ ಸೂಪರ್‌ಹೀರೊ ಚಿತ್ರಗಳ ಬುಡಕಟ್ಟು ಯಾಕೆ ಇಷ್ಟು ಮೂಕ?

ಸಿನಿಮಾದವರು ಈ ಬೆಟ್ಟಕ್ಕೆ ಹೊಸಬರಲ್ಲ. ‘ಮೂನ್ರಾಂ ಪಿರೈ’ (1982) ಚಿತ್ರದ ಕೊನೆಯ ದೃಶ್ಯ ಕೇತಿ ರೈಲು ನಿಲ್ದಾಣದ್ದು. ಕೇತಿ ಬಡಗರ ಸೀಮೆ ಎಂಬುದು ಆ ಕಣ್ಣೀರಿನಲ್ಲಿ ನೋಡುಗರಿಗೆ ಗೊತ್ತಾಗಲೇ ಇಲ್ಲ. ನಲವತ್ತು ವರ್ಷದ ಮೇಲೆ ಕಾರ್ತಿಕಿ ಗೊನ್ಸಾಲ್ವೆಸ್ ಅವರ ‘ದಿ ಎಲಿಫೆಂಟ್ ವಿಸ್ಪರರ್ಸ್’ (2022) ತೆಪ್ಪಕಾಡಿನ ಕಾಟ್ಟುನಾಯಕ ದಂಪತಿ ಬೊಮ್ಮನ್ ಮತ್ತು ಬೆಳ್ಳಿಯ ಬದುಕನ್ನು ಅವರ ಬಾಯಿಂದಲೇ ಹೇಳಿಸಿತು. ತಬ್ಬಲಿ ಆನೆಮರಿ ರಘುವನ್ನು ಮಗನಂತೆ ಸಾಕಿದವರು ಅವರು. ಅದು ಸಾಕ್ಷ್ಯಚಿತ್ರ, ಹೋಲಿಕೆ ಸರಿಯಲ್ಲ ಎನ್ನಬಹುದು. ಕಲಿಯುವುದಕ್ಕೆ ಅಡ್ಡಿಯಿಲ್ಲ.

‘ಲೋಕಾ’ದ ಮುಂದಿನ ಭಾಗ ಮಾಡುವವರಲ್ಲೂ, ಕನ್ನಡದಲ್ಲಿ ಇಂಥದ್ದಕ್ಕೆ ಕೈಹಾಕುವವರಲ್ಲೂ ನನ್ನದೊಂದು ಕೇಳಿಕೆ. ಗೂಡಲೂರಿಗೆ, ಮಸಿನಗುಡಿಗೆ ಕ್ಯಾಮೆರಾ ತರುವ ಮುಂಚೆ ಪಣಿಯರ, ಕುರುಂಬರ, ಇರುಳರ ಹಾಡಿಗಳಿಗೆ ಹೋಗಿ, ಕೂತು, ಅವರ ಕಥೆ ಕೇಳಿ. ನಿಮ್ಮ ನಾಯಕಿಯ ಬಾಯಿಗೆ ಅವಳ ತಾಯಿ ಆಡಿದ ಮಾತನ್ನು ಕೊಡಿ.