ಪ್ರಯೋಗಶಾಲೆಯಿಂದ ಹೊರಟ ನೀತಿ

ವಿಜ್ಞಾನಿಯೊಬ್ಬನು ಪ್ರಯೋಗಶಾಲೆಯ ಬಾಗಿಲು ದಾಟಿ ಬಂದು ಜನರಿಗೆ ಬಾಳುವ ಬಗೆಯನ್ನು ಬೋಧಿಸತೊಡಗಿದಾಗ ಅವನ ಮಾತನ್ನು ಎರಡು ವಿಧದಲ್ಲಿ ಪರೀಕ್ಷಿಸಬೇಕಾಗುತ್ತದೆ. ಅವನು ಕಂಡ ಸಂಗತಿ ನಿಜವೇ ಎಂಬುದು ಮೊದಲನೆಯದು. ಆ ಸಂಗತಿಯಿಂದ ಅವನು ಹೇಳುವ ನೀತಿ ಹೊರಡುತ್ತದೆಯೇ ಎಂಬುದು ಎರಡನೆಯದು. ಹ್ಯಾನ್ಸ್ ಸೆಲ್ಯೆ ಅವರು ೧೯೭೪ರಲ್ಲಿ ಪ್ರಕಟಿಸಿದ ‘ಸ್ಟ್ರೆಸ್ ವಿದೌಟ್ ಡಿಸ್ಟ್ರೆಸ್’ ಎಂಬ ಗ್ರಂಥವು ಮೊದಲನೆಯ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ, ಎರಡನೆಯದರಲ್ಲಿ ಸೋಲುತ್ತದೆ. ಅದು ಸೋಲುವುದು ಎಲ್ಲಿ ಎಂಬುದನ್ನು ಅರಿಯಲು ನೆರವಾಗುವವರು ಸೆಲ್ಯೆಯವರು ದುಡಿದ ಮಾಂಟ್ರಿಯಲ್ ನಗರದಲ್ಲಿಯೇ ಅವರ ತರುವಾಯ ದುಡಿದ ಸಂಶೋಧಕರು.

೧೯೦೭ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಸೆಲ್ಯೆಯವರು ೧೯೩೦ರ ದಶಕದಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹಾರ್ಮೋನುಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಅಡ್ರಿನಲ್ ಗ್ರಂಥಿ ಹಿಗ್ಗಿ, ಥೈಮಸ್ ಗ್ರಂಥಿ ಕುಗ್ಗಿ, ಜಠರದಲ್ಲಿ ಹುಣ್ಣಾದುದನ್ನು ಕಂಡರು. ಬೇರೆ ದ್ರವಗಳನ್ನು ಚುಚ್ಚಿದಾಗಲೂ ಪರಿಣಾಮ ಅದೇ ಆಗಿತ್ತು. ಚಳಿ, ಗಾಯ, ಅತಿಯಾದ ದೇಹಶ್ರಮ, ವಿಷಪದಾರ್ಥ, ಯಾವುದೇ ಆಗಲಿ, ದೇಹವು ಒಂದೇ ಬಗೆಯಲ್ಲಿ ಉತ್ತರ ಕೊಡುತ್ತದೆಯೆಂದು ಅವರು ೧೯೩೬ರ ಜುಲೈನಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಕಿರುಲೇಖನದಲ್ಲಿ ಸಾರಿದರು. ಇಂದು ಮನೆಮಾತಾಗಿರುವ ‘ಒತ್ತಡ’ವೆಂಬ ಕಲ್ಪನೆಯ ಬೇರು ಇಲ್ಲಿದೆ.

ಈ ಘಟನೆಗೆ ಎರಡು ನಿರೂಪಣೆಗಳಿವೆ. ಸೆಲ್ಯೆಯವರ ಸ್ವಂತ ನಿರೂಪಣೆಯಲ್ಲಿ ಒತ್ತು ಬೀಳುವುದು ಚುಚ್ಚಿದ ದ್ರವದ ಅಶುದ್ಧತೆಯ ಮೇಲೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಸಪೋಲ್‌ಸ್ಕಿಯವರು ೧೯೯೪ರಲ್ಲಿ ಬರೆದ ‘ವೈ ಝೀಬ್ರಾಸ್ ಡೋಂಟ್ ಗೆಟ್ ಅಲ್ಸರ್ಸ್’ ಎಂಬ ಗ್ರಂಥದಲ್ಲಿ ಒತ್ತು ಬೀಳುವುದು ಕೈಯ ಮೇಲೆ. ತರುಣ ಸೆಲ್ಯೆಗೆ ಇಲಿಗಳನ್ನು ಹಿಡಿಯುವ ಹದ ತಿಳಿದಿರಲಿಲ್ಲ. ಅವು ಕೈಜಾರಿ ಬೀಳುತ್ತಿದ್ದವು, ಅವನ್ನು ಪೊರಕೆ ಹಿಡಿದು ಅಟ್ಟಿಸಬೇಕಾಗುತ್ತಿತ್ತು. ಆದುದರಿಂದಲೇ ಬರಿಯ ಉಪ್ಪುನೀರು ಚುಚ್ಚಿಸಿಕೊಂಡ ಇಲಿಗಳಿಗೂ ಹುಣ್ಣಾಯಿತು ಎಂದು ಅವರು ವಿನೋದದಿಂದ ವರ್ಣಿಸುತ್ತಾರೆ. ಓದುಗರು ನಕ್ಕು ಮುಂದಕ್ಕೆ ಹೋಗುತ್ತಾರೆ. ಆದರೆ ನಿಂತು ಯೋಚಿಸಬೇಕಾದ ಸ್ಥಳ ಇದೇ. ಒತ್ತಡವನ್ನು ಅಳೆಯುವವನೇ ಒತ್ತಡದ ಕಾರಣವೂ ಆಗಿದ್ದರೆ, ಅವನನ್ನು ಬಿಟ್ಟು ಬರೆದ ವಿವರಣೆ ಪೂರ್ಣವೆನಿಸಲಾರದು.

ಇನ್ನು ಗ್ರಂಥದ ನೀತಿಗೆ ಬರೋಣ. ಒತ್ತಡವಿಲ್ಲದೆ ಬದುಕಿಲ್ಲ, ಕೆಡುಕಾದುದು ಸಂಕಟಕ್ಕೆ ತಿರುಗಿದ ಒತ್ತಡ ಮಾತ್ರ, ಪ್ರತಿಯೊಬ್ಬನೂ ತನಗೆ ಹೊಂದುವ ದುಡಿಮೆಯ ವೇಗವನ್ನು ತಾನೇ ಕಂಡುಕೊಳ್ಳಬೇಕು ಎಂದು ಸೆಲ್ಯೆಯವರು ಹೇಳುವುದರಲ್ಲಿ ಅನುಭವದ ತೂಕವಿದೆ. ನೆರೆಯವನನ್ನು ಪ್ರೀತಿಸೆಂದು ವಿಧಿಸಿದರೆ ಪ್ರೀತಿ ಹುಟ್ಟದು. ಆದುದರಿಂದ ನೆರೆಯವನ ಪ್ರೀತಿಯನ್ನು ಗಳಿಸುವಂತೆ ಬಾಳು ಎಂಬುದು ಅವರ ಸೂತ್ರ. ಸ್ವಾರ್ಥ ಎಲ್ಲ ಜೀವಿಗಳಿಗೂ ಸಹಜ. ಇತರರ ಸದ್ಭಾವನೆಯನ್ನು ಸಂಗ್ರಹಿಸಿಟ್ಟುಕೊಳ್ಳುವುದೇ ಜಾಣ ಸ್ವಾರ್ಥ. ಇದನ್ನು ಅವರು ಪರಹಿತದ ಸ್ವಾರ್ಥವೆಂದು ಕರೆಯುತ್ತಾರೆ. ದೇಹದ ಜೀವಕೋಶಗಳು ಪರಸ್ಪರ ನೆರವಾಗಿ ಬದುಕುವುದನ್ನು ದೃಷ್ಟಾಂತವಾಗಿ ಕೊಟ್ಟು, ತಮ್ಮ ನೀತಿ ಪ್ರಕೃತಿನಿಯಮದಿಂದಲೇ ಹೊರಟಿದೆಯೆನ್ನುತ್ತಾರೆ. ಕಪಟವಿಲ್ಲದ ಮಾತು ಇದು. ಪರೋಪಕಾರದ ಮುಸುಕಿನಲ್ಲಿ ಸ್ವಾರ್ಥವನ್ನು ಮರೆಮಾಡುವ ಅನೇಕ ಬೋಧಕರಿಗಿಂತ ಸೆಲ್ಯೆಯವರು ಪ್ರಾಮಾಣಿಕರು.

ಆದರೆ ಗಳಿಕೆಯ ಲೆಕ್ಕದಲ್ಲಿ ನಿಂತ ನೀತಿಗೆ ಒಂದು ಅಂಚಿದೆ. ಪ್ರತಿಯಾಗಿ ಏನನ್ನಾದರೂ ಕೊಡಬಲ್ಲವರ ತನಕ ಮಾತ್ರ ಅದು ಹರಡಬಲ್ಲದು. ಇಲಿಯ ಸದ್ಭಾವನೆಯಿಂದ ಯಾರಿಗೆ ಏನು ಲಾಭ? ಗ್ರಂಥವು ಮನುಷ್ಯರಿಗಾಗಿ ಬರೆದುದು, ಅದರಲ್ಲಿ ಇಲಿಯ ಮಾತೇಕೆ ಎಂದು ಕೇಳಬಹುದು. ಸಕಲ ಜೀವಿಗಳ ಪ್ರಕೃತಿಯಿಂದ ನೀತಿಯನ್ನು ತೆಗೆಯುತ್ತೇನೆಂದು ಹೊರಟವರು ಅದನ್ನು ಅನ್ವಯಿಸುವಾಗ ಮಾತ್ರ ಮನುಷ್ಯನಲ್ಲದ ಜೀವಿಯನ್ನು ಹೊರಗಿಡಲಾಗದೆಂಬುದೇ ಅದಕ್ಕೆ ಉತ್ತರ. ಪ್ರಯೋಗಪ್ರಾಣಿಗಳ ಬಳಕೆಯನ್ನು ತಗ್ಗಿಸಬೇಕು, ನೋವನ್ನು ಕಡಿಮೆಮಾಡಬೇಕು, ಸಾಧ್ಯವಾದಲ್ಲಿ ಅವುಗಳ ಬದಲು ಬೇರೆ ಉಪಾಯಗಳನ್ನು ಹುಡುಕಬೇಕು ಎಂದು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ೧೯೫೯ರಷ್ಟು ಹಿಂದೆಯೇ ಬರೆದಿದ್ದರು. ಈ ಪ್ರಶ್ನೆ ಆ ಕಾಲಕ್ಕೆ ಹೊಸದಾಗಿರಲಿಲ್ಲ.

ಗಳಿಕೆಯ ನೀತಿಗೆ ಇನ್ನೊಂದು ಕಡೆಯಿಂದಲೂ ಅಪಾಯವುಂಟು: ಯಾರ ಸದ್ಭಾವನೆಯನ್ನು ಗಳಿಸಬಾರದೆಂಬುದನ್ನು ಅದು ಹೇಳುವುದಿಲ್ಲ. ೧೯೬೯ರಲ್ಲಿ ಕೆನಡಾ ಸಂಸತ್ತಿನ ಆರೋಗ್ಯ ಸಮಿತಿಯ ಮುಂದೆ ಸೆಲ್ಯೆಯವರು ಧೂಮಪಾನದಿಂದ ಕೆಲವರಿಗೆ ಒತ್ತಡದ ಉಪಶಮನವಾಗಬಹುದೆಂಬ ಅರ್ಥದಲ್ಲಿ ಸಾಕ್ಷ್ಯ ನುಡಿದರು. ಅವರ ಸಂಶೋಧನೆಗೆ ತಂಬಾಕು ಉದ್ಯಮದಿಂದ ಹಣ ಸಂದಿತ್ತೆಂಬುದನ್ನು ಆ ಉದ್ಯಮದ ಒಳದಾಖಲೆಗಳ ಆಧಾರದಿಂದ ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿದೆ. ಒಬ್ಬ ಮಹಾವಿಜ್ಞಾನಿಯನ್ನು ಹಳಿಯಲೆಂದು ಇದನ್ನು ಇಲ್ಲಿ ಎತ್ತಿಲ್ಲ. ಹಣ ಕೊಡಬಲ್ಲ ನೆರೆಯವನೂ ಏನನ್ನೂ ಕೊಡಲಾರದ ಜೀವಿಯೂ ಒಂದೇ ತಕ್ಕಡಿಯಲ್ಲಿ ಬಂದಾಗ ಸೆಲ್ಯೆಯವರ ಸೂತ್ರ ಯಾವ ಕಡೆಗೆ ವಾಲುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಸೆಲ್ಯೆಯವರು ೧೯೮೨ರಲ್ಲಿ ತೀರಿಕೊಂಡರು. ೧೯೮೮ರಲ್ಲಿ ಮೆಕ್‌ಗಿಲ್‌ನ ಮೈಕೆಲ್ ಮೀನಿಯವರೂ ಸಂಗಡಿಗರೂ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಎಳೆಯ ಇಲಿಮರಿಗಳನ್ನು ಹುಟ್ಟಿದ ಮೊದಲ ಮೂರು ವಾರ ದಿನಕ್ಕೆ ೧೫ ನಿಮಿಷ ತಾಯಿಯಿಂದ ಬೇರೆಯಿರಿಸಿ ಮತ್ತೆ ತಾಯಿಯ ಬಳಿಗೆ ಬಿಟ್ಟರು. ಹಾಗೆ ಕೈಯಲ್ಲಿ ಎತ್ತಿ ಇಳಿಸಿದ ಮರಿಗಳಿಗೆ ಮುಪ್ಪಿನಲ್ಲಿಯೂ ನೆನಪಿನ ಶಕ್ತಿ ಹೆಚ್ಚಾಗಿ ಉಳಿದಿತ್ತು. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ನರಕೋಶಗಳ ನಾಶ ಕಡಿಮೆಯಾಗಿತ್ತು. ಮರಳಿ ಬಂದ ಮರಿಯನ್ನು ತಾಯಿ ಹೆಚ್ಚಾಗಿ ನೆಕ್ಕುತ್ತಾಳೆ, ತಾಯಿ ಹೆಚ್ಚು ನೆಕ್ಕಿದ ಮರಿ ಬೆಳೆದ ಮೇಲೆ ಒತ್ತಡಕ್ಕೆ ಅಷ್ಟಾಗಿ ಕಂಗೆಡದು ಎಂದು ಅದೇ ತಂಡ ೧೯೯೭ರಲ್ಲಿ ತೋರಿಸಿತು. ಮಮತೆಯ ಒಂದು ನೆಕ್ಕುವಿಕೆ ದೇಹದಲ್ಲಿ ಆಯುಷ್ಯಪೂರ್ತಿ ಬರೆದುಹೋಗುತ್ತದೆ. ಆದರೆ ಈ ಸತ್ಯವನ್ನು ಎಣಿಸಿ ನೋಡಲು ಆ ಮುದಿ ಇಲಿಗಳನ್ನು ಕೊಂದು ಮಿದುಳನ್ನು ಸೀಳಬೇಕಾಯಿತೆಂಬುದನ್ನೂ ಮರೆಯುವಂತಿಲ್ಲ.

೨೦೧೪ರಲ್ಲಿ ಅದೇ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಅವರ ತಂಡ ಮತ್ತೊಂದು ಸಂಗತಿಯನ್ನು ಹೊರಗೆಡಹಿತು. ಕೋಣೆಯಲ್ಲಿ ಗಂಡಸೊಬ್ಬನಿದ್ದರೆ ಸಾಕು, ಅವನು ತೊಟ್ಟುಬಿಟ್ಟ ಅಂಗಿಯಿದ್ದರೂ ಸಾಕು, ಇಲಿಗಳ ದೇಹದಲ್ಲಿ ಒತ್ತಡ ಏರುತ್ತದೆ. ಅದರಿಂದ ನೋವಿನ ಅಳತೆಯೇ ವ್ಯತ್ಯಾಸವಾಗುತ್ತದೆ. ಮನುಷ್ಯರ ವಿಷಯವೂ ಬೇರೆಯಲ್ಲ. ಮಾಂಟ್ರಿಯಲ್‌ನ ಸೋನಿಯಾ ಲುಪಿಯೆನ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃದ್ಧರನ್ನು ಅವರಿಗೆ ಒಗ್ಗದ ಪರಿಸರದಲ್ಲಿ ಪರೀಕ್ಷಿಸಿದಾಗ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚಿ ನೆನಪು ತಗ್ಗಿತು. ಒಗ್ಗುವ ಪರಿಸರದಲ್ಲಿ ಅದೇ ನೆನಪು ಸುಧಾರಿಸಿತು. ಮುಪ್ಪಿನ ಮರೆವೆಂದು ದಾಖಲಾಗುವುದರಲ್ಲಿ ಒಂದು ಪಾಲು ಪರೀಕ್ಷೆ ನಡೆಸುವ ರೀತಿಯಿಂದಲೇ ಹುಟ್ಟಿದುದಿರಬಹುದು. ಪರೀಕ್ಷಕನ ಎಚ್ಚರಗೇಡಿತನದಿಂದ ಒಬ್ಬ ಹಿರಿಯರಿಗೆ ‘ಬುದ್ಧಿ ಮಂಕಾಗಿದೆ’ ಎಂಬ ಹಣೆಪಟ್ಟಿ ಅಂಟಬಹುದೆಂದರೆ ಅದು ಸಣ್ಣ ಅನ್ಯಾಯವಲ್ಲ.

ಈ ಸಂಗತಿಗಳು ಕೂಡಿ ಹೇಳುವುದು ಸೆಲ್ಯೆಯವರ ಸೂತ್ರಕ್ಕೆ ವಿರುದ್ಧವಾದ ಮಾತನ್ನು. ನಾವು ತೋರುವ ಒರಟುತನವೂ ಜತನವೂ, ಪ್ರತಿಯಾಗಿ ನಮಗೆ ಏನನ್ನೂ ಕೊಡಲಾರದ ದೇಹದಲ್ಲಿಯೂ ನೆಲೆಯಾಗಿ ನಿಲ್ಲುತ್ತವೆ. ಆದುದರಿಂದ ಜತನಕ್ಕೆ ಪ್ರತಿಫಲವನ್ನು ಆಧಾರವಾಗಿ ಇಡಲಾಗದು. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಎಚ್ಚರತಪ್ಪಿದ ಮನಸ್ಸಿನಲ್ಲಿ ಗುರುತಿಸುವ ವಿಚಾರ ಈ ಪತ್ರಿಕೆಯ ಓದುಗರಿಗೆ ಅಪರಿಚಿತವಲ್ಲ. ಪೊರಕೆ ಹಿಡಿದ ತರುಣ ಸೆಲ್ಯೆ ಕ್ರೂರಿಯಾಗಿರಲಿಲ್ಲ, ಪ್ರಮತ್ತರಾಗಿದ್ದರು. ಪ್ರಾಣಿಗಳ ಮೇಲಿನ ಪ್ರಯೋಗ ನಡೆಯಲೇ ಕೂಡದೆ ಎಂಬ ದೊಡ್ಡ ಪ್ರಶ್ನೆಗೆ ಭಿನ್ನಾಭಿಪ್ರಾಯಗಳಿವೆ. ಆದರೆ ನಡೆಯುವಷ್ಟು ಕಾಲ ಅದನ್ನು ನಡೆಸುವ ಕೈಗೆ ಹೊಣೆಯುಂಟೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿಯೂ ಒತ್ತಡ ಮತ್ತು ಮಿದುಳಿನ ಸಂಬಂಧದ ಸಂಶೋಧನೆ ನಡೆದುಬಂದಿದೆ. ನಮ್ಮ ತರುಣ ತರುಣಿಯರಿಗೂ ಆ ಬಾಗಿಲು ತೆರೆದಿದೆ. ಅಲ್ಲಿಗೆ ಹೋಗುವವರು ಸೆಲ್ಯೆಯವರ ಗ್ರಂಥವನ್ನು ಅವಶ್ಯವಾಗಿ ಓದಲಿ. ದುಡಿಮೆಯ ಉತ್ಸಾಹಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕಗಳು ವಿರಳ. ಓದುವಾಗ ಪ್ರತಿ ಅಧ್ಯಾಯಕ್ಕೂ ಒಂದು ಪ್ರಶ್ನೆಯನ್ನು ತಾವೇ ಸೇರಿಸಿಕೊಳ್ಳಲಿ: ಇದನ್ನು ಕಂಡುಕೊಂಡ ಕೈ ಯಾರದು, ಆ ಕೈ ಹಿಡಿದ ಜೀವಕ್ಕೆ ಏನಾಯಿತು? ಗ್ರಂಥಕರ್ತರು ಕೇಳದೆ ಬಿಟ್ಟುದು ಈ ಪ್ರಶ್ನೆಯನ್ನೇ.