ಮೂರೂವರೆ ರೂಪಾಯಿ ಬಡ್ಡಿಯ ಒಳ್ಳೇ ಹುಡುಗ

ಮೊದಲ ಕೆಲಸ, ಮೊದಲ ಸಂಬಳ, ಮೊದಲ ಕ್ರೆಡಿಟ್ ಕಾರ್ಡ್. ಈಗ ಈ ಮೂರೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. ಸ್ಯಾಲರಿ ಅಕೌಂಟ್ ತೆರೆದು ತಿಂಗಳಾಗಿರುವುದಿಲ್ಲ, ‘ಸರ್, ನಿಮ್ಮ ಹೆಸರಿಗೆ ಪ್ರೀ-ಅಪ್ರೂವ್ಡ್ ಕಾರ್ಡ್ ಇದೆ’ ಅಂತ ಫೋನು ಬರುತ್ತೆ. ನನಗೆ ಬೇಡ ಅಂದರೆ ಆ ಕಡೆ ಉತ್ತರ ರೆಡಿ: ‘ಖರ್ಚು ಮಾಡದಿದ್ರೂ ಪರವಾಗಿಲ್ಲ ಸರ್, ಸ್ಕೋರ್ ಬಿಲ್ಡ್ ಆಗುತ್ತೆ.’ ರೀಲ್ಸ್ ಮಾಡುವ ಹಣಕಾಸು ಪಂಡಿತರೂ ಇದನ್ನೇ ಹೇಳುತ್ತಾರೆ. ಆಫೀಸಿನ ಕ್ಯಾಂಟೀನಿನಲ್ಲಿ ಪಕ್ಕ ಕೂತ ಸೀನಿಯರ್ ಕೂಡ ಇದನ್ನೇ ಹೇಳುತ್ತಾನೆ.

ಮಾತು ಸುಳ್ಳಲ್ಲ, ಆದರೆ ಅರ್ಧ. ಕಾರ್ಡಿನಿಂದ ಸ್ಕೋರ್ ಬೆಳೆಯುತ್ತದೆ ನಿಜ. ಆ ಸ್ಕೋರ್ ನಮ್ಮ ಬಗ್ಗೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಉಳಿದರ್ಧ.

ಕ್ರೆಡಿಟ್ ರಿಪೋರ್ಟನ್ನು ಒಮ್ಮೆ ಸಾವಧಾನವಾಗಿ ಓದಿ ನೋಡಿ. ನಮ್ಮಲ್ಲಿ ಎಲ್ಲರೂ ‘ಸಿಬಿಲ್’ ಅಂದುಬಿಡುತ್ತೇವೆ. 2000ದಲ್ಲಿ ಶುರುವಾದ ಆ ಸಂಸ್ಥೆ ಮೊದಲನೆಯದು, ಹಾಗಾಗಿ ಹೆಸರು ಅಂಟಿಕೊಂಡಿತು. ಈಗ ದೇಶದಲ್ಲಿ ಇಂಥ ಬ್ಯೂರೋಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. 2005ರ ಒಂದು ಕಾಯ್ದೆಯಡಿ ಕೆಲಸ ಮಾಡುತ್ತವೆ, ರಿಸರ್ವ್ ಬ್ಯಾಂಕಿನ ಉಸ್ತುವಾರಿ. ಬ್ಯಾಂಕುಗಳು ಕಳಿಸಿದ ಲೆಕ್ಕ ನೋಡಿ 300ರಿಂದ 900ರ ನಡುವೆ ಒಂದು ಅಂಕ ಕೊಡುತ್ತವೆ. ರಿಪೋರ್ಟಿನಲ್ಲಿ ಇರುವುದು ಇಷ್ಟು: ಯಾವ ಸಾಲ, ಎಷ್ಟು ಮಿತಿ, ಎಷ್ಟು ಬಾಕಿ, ಯಾವ ತಿಂಗಳು ಎಷ್ಟು ದಿನ ತಡ, ಯಾರ್‍ಯಾರ ಹತ್ತಿರ ಸಾಲಕ್ಕೆ ಅರ್ಜಿ ಹಾಕಿದ್ದೀರಿ. ನಿಮ್ಮ ಸಂಬಳದ ಶಿಸ್ತು, ಉಳಿತಾಯ, ಆರ್‌ಡಿ, ಎಫ್‌ಡಿ ಯಾವುದೂ ಅಂಕಕ್ಕೆ ಸೇರುವುದಿಲ್ಲ. ಸಾಲವನ್ನೇ ಮಾಡದವನ ಪುಟದಲ್ಲಿ ಬರೆಯುವುದು ‘ಎನ್‌ಎಚ್’ ಅಥವಾ -1, ಅಂದರೆ ಚರಿತ್ರೆ ಇಲ್ಲದವನು.

ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯನ್ನೇ ತಗೊಳ್ಳಿ. ಮುಸುಕಿನ ಜೋಳದ ಸೀಮೆಯಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶ ಮಾಡಿದ ಜಾಗ. ಅಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ಅಪ್ಪನಿಗೆ ಎರಡು ಎಕರೆ ಜೋಳ, ಎರಡು ಸೀಮೆಹಸು. ಅಮ್ಮ ಸಂಘದಲ್ಲಿ ಸಾಲ ತೆಗೆದು ಕಂತು ಕಟ್ಟುತ್ತಾಳೆ, ಜೊತೆಗೆ ಒಂದು ಚೀಟಿ. ಮಗ ಐಟಿಐ ಮುಗಿಸಿ ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್, ಕೈಗೆ ಸಿಗುವುದು 18,000. ಅವನಿಗೀಗ 20,000 ಮಿತಿಯ ಕಾರ್ಡ್ ಬಂದಿದೆ.

ಈ ಮನೆಯಲ್ಲಿ ಮೊದಲ ಕ್ರೆಡಿಟ್ ಕಾರ್ಡ್ ಮಗನದಲ್ಲ. ಅಪ್ಪನ ಕಿಸಾನ್ ಕ್ರೆಡಿಟ್ ಕಾರ್ಡ್ ಅದಕ್ಕಿಂತ ಹಳೆಯದು. ಆ ಯೋಜನೆ ಬಂದದ್ದು 1998ರಲ್ಲಿ. ಕೇಂದ್ರದ ಬಡ್ಡಿ ರಿಯಾಯಿತಿ ಸೇರಿ, 3 ಲಕ್ಷದೊಳಗಿನ ಬೆಳೆಸಾಲ ಸಕಾಲಕ್ಕೆ ತೀರಿಸಿದರೆ ಅಪ್ಪನಿಗೆ ಬೀಳುವ ಬಡ್ಡಿ ವರ್ಷಕ್ಕೆ ಶೇ 4. ಮಗನ ಕಾರ್ಡಿನಲ್ಲಿ ಬಾಕಿ ಉಳಿದರೆ ಬೀಳುವ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು. ಬ್ರೋಷರಿನಲ್ಲಿ 3.5 ಅಂತ ಸಣ್ಣದಾಗಿ ಕಾಣುವುದು ವರ್ಷಕ್ಕೆ 42 ಆಗುತ್ತದೆ. ನಮ್ಮ ಕಡೆ ಇದನ್ನು ಹೇಳುವ ರೀತಿಯೇ ಬೇರೆ. ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಅಂತ ಕೇಳುತ್ತೇವೆ. ಆ ಲೆಕ್ಕದಲ್ಲಿ ಅಪ್ಪನದು ಮೂವತ್ಮೂರು ಪೈಸೆ ಬಡ್ಡಿ, ಮಗನದು ಮೂರೂವರೆ ರೂಪಾಯಿ ಬಡ್ಡಿ. ‘ಮೂರು ರೂಪಾಯಿ ಬಡ್ಡಿಗೆ ತಂದಿದೀನಿ’ ಅಂದರೆ ಊರಲ್ಲಿ ಯಾರಾದರೂ ‘ಅಯ್ಯೋ, ಏನಾಯ್ತು, ಆಸ್ಪತ್ರೆನಾ?’ ಅಂತ ಕೇಳುತ್ತಾರೆ. ಅದೇ ಬಡ್ಡಿಯನ್ನು ಮಗ ಹೊಸ ಮೊಬೈಲಿಗೆ ಒಪ್ಪಿಕೊಂಡಿದ್ದರೂ ಯಾರೂ ಏನೂ ಕೇಳುವುದಿಲ್ಲ. ಭಾಷೆ ಬದಲಾದಾಗ ಭಯವೂ ಹೋಗಿಬಿಡುತ್ತದೆ.

ಇನ್ನು ಸ್ಕೋರಿನ ಲೆಕ್ಕ. ಹುಡುಗ 14,000 ಕೊಟ್ಟು ಫೋನು ತಗೊಂಡ. ಮಿತಿಯ ಶೇ 70 ಮುಗಿಯಿತು. ಸ್ಕೋರ್ ಲೆಕ್ಕ ಹಾಕುವಾಗ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಅನ್ನುವುದು ದೊಡ್ಡ ವಿಷಯ. ಶೇ 30ರೊಳಗೆ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುವುದು ಅದಕ್ಕೇ. ಅದೇ ಫೋನನ್ನು 2 ಲಕ್ಷ ಮಿತಿಯ ಮ್ಯಾನೇಜರ್ ಕೊಂಡರೆ ಅವನ ಲೆಕ್ಕದಲ್ಲಿ ಶೇ 7. ಖರ್ಚು ಒಂದೇ, ವಸ್ತು ಒಂದೇ, ಆದರೆ ಹೊಸಬನ ಪುಟದಲ್ಲಿ ಅದು ಸಾಲಕ್ಕೆ ಹಸಿದವನ ಲಕ್ಷಣ. ಮಿತಿ ಚಿಕ್ಕದಿರುವುದು ಅವನ ತಪ್ಪಲ್ಲ, ಸಂಬಳ ಚಿಕ್ಕದು ಅಷ್ಟೇ. ಮಾರ್ಕೆಟಿಂಗ್‌ನವರು ಇದನ್ನು ಹೇಳುವುದಿಲ್ಲ.

ಇನ್ನೂ ಒಂದು ವಿಚಿತ್ರ ಇದೆ. ಅವನು ಗಡುವಿನ ದಿನ ಪೂರ್ತಿ 14,000 ಕಟ್ಟಿದರೂ, ಸಾಮಾನ್ಯವಾಗಿ ಬ್ಯೂರೋಗೆ ಹೋಗುವುದು ಬಿಲ್ ತಯಾರಾದ ದಿನದ ಬಾಕಿ. ಒಂದು ರೂಪಾಯಿ ಬಡ್ಡಿ ಕೊಡದವನೂ ರಿಪೋರ್ಟಿನಲ್ಲಿ ಶೇ 70 ಬಳಸಿದವನಾಗಿ ಕಾಣಬಹುದು. ಇದಕ್ಕೆ ಮದ್ದು ಸರಳ: ದೊಡ್ಡ ಖರ್ಚು ಮಾಡಿದರೆ ಬಿಲ್ ಬರುವ ದಿನಕ್ಕೆ ಮೊದಲೇ ಸ್ವಲ್ಪ ಕಟ್ಟಿಬಿಡಿ. 14,000ದಲ್ಲಿ 9,000 ಮುಂಚೆ ಕಟ್ಟಿದರೆ ಕಾಣುವುದು 5,000, ಅಂದರೆ ಶೇ 25.

ಈಗ ಕಾರ್ಡಿನಲ್ಲಿ ತುಂಬಿದ ಬಾಕಿ 20,000 ಅಂದುಕೊಳ್ಳಿ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತೆ, ‘ಒಟ್ಟು ಬಾಕಿ’ ಮತ್ತು ‘ಕನಿಷ್ಠ ಬಾಕಿ’. ಕನಿಷ್ಠ ಶೇ 5 ಇದ್ದರೆ 1,000 ರೂಪಾಯಿ. ಹುಡುಗ ಸಾವಿರ ಕಟ್ಟಿ ಉಸಿರು ಬಿಟ್ಟ. ಆದರೆ ಮುಂದಿನ ಬಿಲ್ಲಿಗೆ ಬಡ್ಡಿ 700ರ ಹತ್ತಿರ, ಅದರ ಮೇಲೆ ಶೇ 18 ಜಿಎಸ್‌ಟಿ. ಹೊಸದಾಗಿ ಒಂದು ಟೀ ಕೂಡ ಕುಡಿಯದಿದ್ದರೂ ಸಾವಿರದಲ್ಲಿ ಸಾಲಕ್ಕೆ ಜಮೆಯಾಗುವುದು ಇನ್ನೂರರ ಆಸುಪಾಸು. ಟೀ ಕುಡಿದರೆ ಇನ್ನೂ ಕಷ್ಟ, ಹಳೇ ಬಾಕಿ ಉಳಿದಿದ್ದರೆ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಇರುವುದಿಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಾದ್ದರಿಂದ, ಆ ಹತ್ತು ರೂಪಾಯಿ ಟೀ ಕೂಡ ಈಗ ಸಾಲದ ಟೀ ಆಗಬಹುದು.

ರಿಪೋರ್ಟ್ ಇವನ ಬಗ್ಗೆ ಏನು ಬರೆಯುತ್ತದೆ? ಕನಿಷ್ಠ ಬಾಕಿಯನ್ನು ಗಡುವಿನೊಳಗೆ ಕಟ್ಟಿದ್ದಾನೆ, ಹಾಗಾಗಿ ‘ತಡ’ ಅನ್ನುವ ಕಾಲಂನಲ್ಲಿ ಸೊನ್ನೆ. ಬಾಕಿ ಜಾಸ್ತಿ ಇದೆ ಅಂತ ಅಂಕ ಒಂದಿಷ್ಟು ಇಳಿಯಬಹುದು, ಆದರೆ ಪಾವತಿಯ ಇತಿಹಾಸ ಮಾತ್ರ ಶುಭ್ರ. ಪ್ರತಿ ತಿಂಗಳೂ ಮುಳುಗುತ್ತಿರುವವನು ಆ ಸಾಲಿನಲ್ಲಿ ಒಳ್ಳೇ ಹುಡುಗ. ಅತ್ತ ಅಮ್ಮ ಹತ್ತು ವರ್ಷ ಒಂದು ತಿಂಗಳೂ ತಪ್ಪಿಸದೆ ಕಟ್ಟಿದ ಚೀಟಿಗೆ, ದಿನಸಿ ಅಂಗಡಿಯಲ್ಲಿ ಪ್ರತಿ ಒಂದನೇ ತಾರೀಖು ಚುಕ್ತಾ ಮಾಡಿದ ಪುಸ್ತಕಕ್ಕೆ ಇಲ್ಲಿ ಜಾಗ ಇಲ್ಲ. ಅವಳ ಸಂಘದ ಸಾಲ ಬ್ಯೂರೋಗೆ ಹೋಗುತ್ತದೆ, ಯಾಕೆಂದರೆ ಅದನ್ನು ಕೊಟ್ಟದ್ದು ಮೈಕ್ರೋಫೈನಾನ್ಸ್ ಕಂಪನಿ. ಅಂದರೆ ಅವಳ ನಿಯತ್ತು ಸಂಸ್ಥೆಯ ಸಾಲವಾದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇದರಿಂದ ಸ್ಕೋರ್ ಅನ್ನುವುದೇ ಮೋಸ ಅಂತ ತೀರ್ಮಾನಿಸುವುದೂ ಸರಿಯಲ್ಲ. ಸಾಲಕ್ಕೆ ನಮ್ಮಲ್ಲಿ ‘ಪತ್ತು’ ಅಂತ ಒಳ್ಳೆಯ ಮಾತಿದೆ. ಪತ್ತು ಅಂದರೆ ಸಾಲವೂ ಹೌದು, ನಂಬಿಕೆಯೂ ಹೌದು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಹಕಾರ ಸಂಘ ನಿಂತದ್ದು ಊರವರು ಒಬ್ಬರನ್ನೊಬ್ಬರು ಬಲ್ಲರು ಅನ್ನುವ ನಂಬಿಕೆಯ ಮೇಲೆ. ಆದರೆ ‘ಬಲ್ಲವರು’ ಅನ್ನುವುದಕ್ಕೆ ಇನ್ನೊಂದು ಮುಖವೂ ಇತ್ತು. ಯಾರ ಮಗ, ಯಾವ ಕೇರಿ, ಯಾವ ಜಾತಿ, ಜಾಮೀನಿಗೆ ಯಾರು ನಿಲ್ಲುತ್ತಾರೆ, ಮ್ಯಾನೇಜರ್ ಪರಿಚಯ ಇದೆಯಾ. ಇಷ್ಟು ಪ್ರಶ್ನೆ ದಾಟಲಾರದೆ ಬ್ಯಾಂಕಿನ ಬಾಗಿಲಿಂದ ವಾಪಸ್ ಬಂದ ಮನೆಗಳು ಎಷ್ಟೋ. ಸ್ಕೋರಿಗೆ ಜಾತಿಯ ಕಾಲಂ ಇಲ್ಲ. ಕುಡುಮಲಕುಂಟೆಯ ಹುಡುಗ ಯಾರ ಕೈಕಾಲೂ ಹಿಡಿಯದೆ ಯಲಹಂಕದಲ್ಲಿ ಬೈಕ್ ಸಾಲ ತಗೊಳ್ಳಬಹುದಾದರೆ, ಅದರಲ್ಲಿ ಈ ಅಂಕದ ಪಾಲೂ ಇದೆ. ಇದನ್ನು ಒಪ್ಪಿಕೊಳ್ಳದೆ ಮಾಡುವ ಟೀಕೆ ಬರೀ ಹಳೇ ದಿನಗಳ ಹಂಬಲ.

ನನ್ನ ತಕರಾರು ಇರುವುದು ಸಾಲದ ಅಳತೆಗೋಲನ್ನು ಗುಣದ ಅಳತೆಗೋಲು ಮಾಡಿಕೊಂಡಿರುವುದರ ಬಗ್ಗೆ. 2025ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ಕ್ರೆಡಿಟ್ ಇತಿಹಾಸ ಸರಿಯಿಲ್ಲ ಅಂತ ಸ್ಟೇಟ್ ಬ್ಯಾಂಕ್ ಒಬ್ಬ ಅಭ್ಯರ್ಥಿಯ ನೇಮಕಾತಿ ರದ್ದು ಮಾಡಿತ್ತು. ಕೋರ್ಟು ಬ್ಯಾಂಕಿನ ನಿರ್ಧಾರವನ್ನೇ ಎತ್ತಿಹಿಡಿಯಿತು. ಬ್ಯಾಂಕಿನ ವಾದದಲ್ಲಿ ತರ್ಕ ಇಲ್ಲದೇ ಇಲ್ಲ, ಜನರ ದುಡ್ಡು ನೋಡಿಕೊಳ್ಳುವ ಕೆಲಸ ಅದು. ಆದರೂ ಇಪ್ಪತ್ತೆರಡನೇ ವಯಸ್ಸಿನಲ್ಲಿ ಮರೆತ ಒಂದು ಬಿಲ್ಲು ಇಪ್ಪತ್ತೈದರಲ್ಲಿ ಕೆಲಸಕ್ಕೇ ಅಡ್ಡ ಬರಬಹುದಾದರೆ, ಕಾರ್ಡ್ ಕೊಡುವ ಹೊತ್ತಿಗೇ ಅದನ್ನು ಅರ್ಥವಾಗುವ ಭಾಷೆಯಲ್ಲಿ ಹೇಳಬೇಕಲ್ಲವೇ?

ಹೇಳುತ್ತಾರಾ? ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳಲ್ಲಿ ಷರತ್ತುಗಳು ಸರಳ ಭಾಷೆಯಲ್ಲಿರಬೇಕು, ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿದ್ದರೆ ಒಳ್ಳೆಯದು ಅಂತಿದೆ. ಈ ‘ಇದ್ದರೆ ಒಳ್ಳೆಯದು’ ಅನ್ನುವ ಸಂದಿಯಲ್ಲೇ ಕನ್ನಡ ತಪ್ಪಿಸಿಕೊಳ್ಳುತ್ತದೆ. ಬರೀ ಕನಿಷ್ಠ ಬಾಕಿ ಕಟ್ಟಿದರೆ ಸಾಲ ತೀರಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕಾಗುತ್ತದೆ ಅನ್ನುವ ಎಚ್ಚರಿಕೆ ಬಿಲ್ಲಿನಲ್ಲಿ ಇರಲೇಬೇಕು ಅಂತ ಅದೇ ನಿಯಮ ಹೇಳುತ್ತದೆ. ಅದನ್ನು ‘ಇದು ಮೂರೂವರೆ ರೂಪಾಯಿ ಬಡ್ಡಿ’ ಅಂತ ಒಂದು ಸಾಲಿನಲ್ಲಿ ಬರೆದಿದ್ದರೆ ಗೌರಿಬಿದನೂರಿನ ಸಂತೆಯಲ್ಲಿ ಯಾರಿಗಾದರೂ ಅರ್ಥವಾಗುತ್ತಿತ್ತು. ಬಡ್ಡಿಗೆ ಮೇಲ್ಮಿತಿ ಬರುತ್ತದೆ ಅಂತ ಕಾಯುವುದೂ ಬೇಡ. ವರ್ಷಕ್ಕೆ ಶೇ 30 ಮೀರಿದರೆ ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ತಳ್ಳಿಹಾಕಿತು.

ಆದರೆ ಅದೇ ನಿಯಮಗಳಲ್ಲಿ ಹೊಸಬರ ಕೈಗೆ ಸಿಗುವ ಹತಾರಗಳೂ ಇವೆ. ಕೇಳದೆ ಕಾರ್ಡ್ ಕಳಿಸುವಂತಿಲ್ಲ. ಕಳಿಸಿ ಬಿಲ್ ಹಾಕಿದರೆ ಆ ಮೊತ್ತ ವಾಪಸ್ ಮಾಡಿ, ಅದರ ಎರಡು ಪಟ್ಟು ದಂಡವನ್ನೂ ಕೊಡಬೇಕು. ಗಡುವು ದಾಟಿ ಮೂರು ದಿನ ಮೀರುವ ತನಕ ‘ತಡ’ ಅಂತ ಬ್ಯೂರೋಗೆ ಬರೆಯುವಂತಿಲ್ಲ, ತಡದ ಶುಲ್ಕವನ್ನೂ ಹಾಕುವಂತಿಲ್ಲ. ನಿಮ್ಮ ಬಾಕಿಯೆಲ್ಲ ತೀರಿದ ಕಾರ್ಡನ್ನು ಮುಚ್ಚಿ ಅಂದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಇವಲ್ಲದೆ ಬೇರೆ ಆದೇಶಗಳೂ ಇವೆ. ನಾಲ್ಕೂ ಬ್ಯೂರೋಗಳಿಂದ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ, ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ತಪ್ಪಿದೆ ಅಂತ ದೂರು ಕೊಟ್ಟು 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಹಾಗಾದರೆ ಮೊದಲ ಕಾರ್ಡ್ ತಗೊಳ್ಳಬೇಕಾ? ತಗೊಳ್ಳಿ, ಆದರೆ ಒಂದೇ ಒಂದು. ಅಲ್ಲಿ ಇಲ್ಲಿ ಐದು ಕಡೆ ಅರ್ಜಿ ಹಾಕಿದರೆ ಐದೂ ‘ಎನ್‌ಕ್ವೈರಿ’ ಆಗಿ ರಿಪೋರ್ಟಿನಲ್ಲಿ ಕೂರುತ್ತವೆ, ಅಂಕ ಇಳಿಸುತ್ತವೆ. ವಾರ್ಷಿಕ ಶುಲ್ಕ ಇಲ್ಲದ ಕಾರ್ಡ್ ನೋಡಿ. ಹಳೇ ಕಾರ್ಡ್ ಇದ್ದಷ್ಟು ದಿನ ಚರಿತ್ರೆ ಉದ್ದ, ಶುಲ್ಕ ಇದ್ದರೆ ಎರಡೇ ವರ್ಷಕ್ಕೆ ಮುಚ್ಚಬೇಕು ಅನಿಸುತ್ತದೆ. ಯಾರೂ ಕೊಡದಿದ್ದರೆ ಬ್ಯಾಂಕಿನಲ್ಲಿ ಒಂದು ಚಿಕ್ಕ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತಗೊಳ್ಳಿ, ಅದೂ ಬ್ಯೂರೋಗೆ ಹೋಗುತ್ತದೆ. ತಿಂಗಳಿಗೆ ಹೇಗೂ ಆಗುವ ಒಂದೆರಡು ಖರ್ಚು, ಮೊಬೈಲ್ ರೀಚಾರ್ಜು, ಪೆಟ್ರೋಲು, ಅಷ್ಟನ್ನೇ ಅದರಲ್ಲಿ ಹಾಕಿ. ‘ಒಟ್ಟು ಬಾಕಿ’ಗೆ ಆಟೋ ಡೆಬಿಟ್ ಇಡಿ, ‘ಕನಿಷ್ಠ’ಕ್ಕಲ್ಲ. ಸ್ಕೋರ್ ಬೆಳೆಸುವುದಕ್ಕೆ ಒಂದು ರೂಪಾಯಿ ಬಡ್ಡಿಯನ್ನೂ ಕೊಡಬೇಕಾಗಿಲ್ಲ.

ಆತುರವೂ ಬೇಡ. ಸಾಲದ ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಸಾಲಕ್ಕೆ ಇಂತಿಷ್ಟೇ ಕನಿಷ್ಠ ಸ್ಕೋರ್ ಅಂತ ರಿಸರ್ವ್ ಬ್ಯಾಂಕ್ ಗೊತ್ತುಮಾಡಿಲ್ಲ ಅನ್ನುವುದನ್ನು ಕೇಂದ್ರ ಹಣಕಾಸು ಸಚಿವಾಲಯವೂ ಅದೇ ವರ್ಷ ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು. ಕೊಡುವುದು ಬಿಡುವುದು ಬ್ಯಾಂಕಿನ ಇಷ್ಟ, ಅದು ಬೇರೆ ಮಾತು. ಆದರೆ ‘ಕಾರ್ಡ್ ಇಲ್ಲದಿದ್ರೆ ನಾಳೆ ಯಾರೂ ಲೋನ್ ಕೊಡಲ್ಲ ಸರ್’ ಅಂತ ಫೋನಿನಲ್ಲಿ ಹೆದರಿಸುವವರಿಗೆ ಈ ಉತ್ತರ ಸಾಕು.

ವೈಟ್‌ಫೀಲ್ಡಿನ ಪಿಜಿಯಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ಮಿತಿ ಲಕ್ಷ ದಾಟಿರಬಹುದು, ಆದರೆ ನಿಮ್ಮ ಕಾರ್ಡಿನ ಬಡ್ಡಿ ಆ ಹುಡುಗನದಕ್ಕಿಂತ ಬಹಳ ಕಮ್ಮಿಯೇನೂ ಇರಲಾರದು. ಮುಂದಿನ ಸಲ ಬಿಲ್ ಬಂದಾಗ ಶೇಕಡಾ ಚಿಹ್ನೆ ತೆಗೆದು ಅಲ್ಲಿ ‘ರೂಪಾಯಿ ಬಡ್ಡಿ’ ಅಂತ ಸೇರಿಸಿ, ಗಟ್ಟಿಯಾಗಿ ಓದಿ. ಊರಿಗೆ ಫೋನ್ ಮಾಡಿ ಆ ಬಡ್ಡಿಗೆ ಸಾಲ ಮಾಡಿದೀನಿ ಅಂತ ಅಪ್ಪನಿಗೆ ಹೇಳುವ ಧೈರ್ಯ ಇದ್ದರೆ ಮಾತ್ರ ಕನಿಷ್ಠ ಬಾಕಿ ಕಟ್ಟಿ.