ಮೇಲೆ ಕಲ್ಲು, ಕೆಳಗೆ ಕೆಸರು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ನ್ಯೂ ಪಾಲ್ಟ್ಜ್ ಊರಲ್ಲಿ ಕಲ್ಲಿನ ಒಕ್ಕಲುಮನೆಗಳ ಹಳೆಯ ಬೀದಿಯೊಂದಿದೆ. ಅಲ್ಲಿನ ಜಾನ್ ಹಾಸ್‌ಬ್ರೂಕ್ ಮನೆ 1721ರದು. ಸರ್ಕಾರ 1960ರಲ್ಲಿ ಈ ಬೀದಿಯನ್ನು, 1967ರಲ್ಲಿ ಈ ಮನೆಯನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ದಪ್ಪ ಗೋಡೆ, ಕಡಿದಾದ ಚಾವಣಿ ಅಂತ ಬಲ್ಲವರು ಹೊಗಳುತ್ತಾರೆ. ಹೊಗಳಲಿ. ಆ ಕಲ್ಲೇನು ತಾನೇ ನಡಕೊಂಡು ಬಂತಾ?

ಅಷ್ಟು ದೂರದ ಮನೆ ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. 1873ರಲ್ಲಿ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ. ಆ ನಂಟು ನಮ್ಮದು.

ಈ ಮನೆಗಳ ಒಡೆಯರು ಹ್ಯೂಗೆನಾಟರು. ಫ್ರಾನ್ಸಿನ ಕ್ಯಾಥೊಲಿಕ್ ದೊರೆಗಳ ಕಾಟಕ್ಕೆ ದೇಶ ಬಿಟ್ಟ ಪ್ರಾಟೆಸ್ಟೆಂಟರು. ಸ್ವಾತಂತ್ರ್ಯ ಅರಸಿ ಬಂದವರೆಂದೇ ಬಹುಕಾಲ ಇವರನ್ನು ಕೊಂಡಾಡಿದ್ದಾಯಿತು. ಇವರು ಊರು ಕಟ್ಟಿದ್ದು 1678ರಲ್ಲಿ. ಅದಕ್ಕೂ ಮೊದಲೇ, 1674ರಲ್ಲಿ, ಇವರಲ್ಲೊಬ್ಬನಾದ ಲೂಯಿ ಡುಬಾಯ್ ಪಕ್ಕದ ಕಿಂಗ್‌ಸ್ಟನ್ ಪೇಟೆಯ ಹರಾಜಿನಲ್ಲಿ ಇಬ್ಬರು ಆಫ್ರಿಕನರನ್ನು ಕೊಂಡಿದ್ದ. ತಾನು ಪೆಟ್ಟು ತಿಂದವನು ಇನ್ನೊಬ್ಬನ ಬೆನ್ನು ಮುಟ್ಟೋದಿಲ್ಲ ಅಂತ ನಂಬೋದು ಹೇಗೆ? 1790ರ ಜನಗಣತಿಯಲ್ಲಿ ಈ ಊರಿರುವ ಅಲ್ಸ್ಟರ್ ಜಿಲ್ಲೆಯ ಹತ್ತು ಜನರಲ್ಲಿ ಸುಮಾರು ಒಬ್ಬರು ಗುಲಾಮರು.

ಅವರು ಮಲಗುತ್ತಿದ್ದುದೆಲ್ಲಿ? ಇದೇ ಜಿಲ್ಲೆಯಲ್ಲಿ 1797ರ ಸುಮಾರಿಗೆ ಗುಲಾಮಳಾಗಿ ಹುಟ್ಟಿದ ಸೊಜರ್ನರ್ ಟ್ರೂತ್ ಹೇಳಿದ್ದಾಳೆ. ಆಕೆಗೆ ಅಕ್ಷರ ಗೊತ್ತಿರಲಿಲ್ಲ. ಹೇಳಿ ಬರೆಸಿದ ಕಥನ 1850ರಲ್ಲಿ ಅಚ್ಚಾಯಿತು. ಒಡೆಯ ಚಾರ್ಲ್ಸ್ ಹಾರ್ಡನ್‌ಬರ್ಗ್‌ನ ಮನೆಯ ನೆಲಮಾಳಿಗೆಯೇ ಅವರೆಲ್ಲರ ವಾಸ. ಗಂಡು ಹೆಣ್ಣು ಎಲ್ಲ ಒಂದೇ ಕಡೆ. ಬೆಳಕಿಗೆ ನಾಲ್ಕಾರು ಗಾಜಿನ ಚೂರು. ಬಿಡಿಬಿಡಿ ಹಲಗೆಗಳ ಸಂದಿಯಲ್ಲಿ ಕೆಸರು, ನೀರು. ಅದರ ಮೇಲೆ ಹುಲ್ಲು, ಕಂಬಳಿ. 1826ರಲ್ಲಿ ಆಕೆ ಎಳೆಗೂಸನ್ನೆತ್ತಿಕೊಂಡು ಹೊರಟುಬಿಟ್ಟಳು. ರಾಜ್ಯದ ಕಾನೂನು ಅವಳಿಗೆ ಬಿಡುಗಡೆ ಕೊಟ್ಟದ್ದು ಮುಂದಿನ ವರ್ಷ!

ಸ್ಮಾರಕದ ಪಟ್ಟಿಗೆ ಗೋಡೆಯ ಅಳತೆ ಗೊತ್ತು, ಈ ಕೆಸರು ಗೊತ್ತಿಲ್ಲ. ಮನೆಯ ಹೆಸರೇ ಒಡೆಯನ ಹೆಸರು. ಗೋಡೆಯ ಜೊತೆಗೆ ಒಡೆತನದ ಹೆಮ್ಮೆಗೂ ಕಾವಲು ಹಾಕಿದಂತಾಯಿತು. ಈಗಿನ ವಸ್ತುಸಂಗ್ರಹಾಲಯದವರು ಗುಲಾಮರ ವಿಷಯವನ್ನೂ ಹೇಳುತ್ತಾರೆ, ನಿಜ. ಆದರೂ ನೋಡಲು ಹೋದವನು ಒಳಗೆ ಕಾಲಿಡುವ ಮೊದಲು ಓದುವುದು ಹಾಸ್‌ಬ್ರೂಕ್ ಅಂತಲೇ. ನಾವಾದರೆ ನೆಲಮಾಳಿಗೆಯಿಂದ ಶುರು ಮಾಡಿ ಮೇಲೆ ಹತ್ತಿಸುತ್ತಿದ್ದೆವು.

ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಟ್ರೂತ್ ಹೆಸರಿದೆ. ಅಕ್ಷರ ಸಿಗದವಳ ಹೆಸರು ಪುಸ್ತಕದ ಮನೆಗೆ, ಸರಿಯಾಗಿಯೇ ಇದೆ. ಅದೇ ಆವರಣದ ಹಾಸ್ಟೆಲುಗಳಿಗೆ, ಊಟದ ಮನೆಗೆ ಈ ಒಡೆಯರ ಮನೆತನಗಳ ಹೆಸರಿದ್ದವು. 2019ರಲ್ಲಿ ಅವನ್ನು ತೆಗೆದರು. ಬದಲಿಗೆ ಬೆಟ್ಟ, ಸರೋವರ, ಹಕ್ಕಿಯ ಹೆಸರಿಟ್ಟರು. ಗುಲಾಮರೊಬ್ಬರ ಹೆಸರನ್ನೂ ಇಡಲಿಲ್ಲ.